ತೂತಿನ ಲೆಕ್ಕ

ನಿವೃತ್ತಿಯ ದಿನ ಡಿಪೋದಲ್ಲಿ ಎಲ್ಲ ಒಪ್ಪಿಸಿದೆ:
ಚೀಲ, ಬಿಲ್ಲೆ, ಸೀಟಿ, ಉಳಿದ ಚಿಲ್ಲರೆ.
ಪಂಚು ಮಾತ್ರ ಕಳೆದುಹೋಗಿದೆ ಎಂದು ಬರೆದುಕೊಟ್ಟು
ನೂರಿಪ್ಪತ್ತು ರೂಪಾಯಿ ದಂಡ ಕಟ್ಟಿದೆ.
ಅದು ಆಗ ಊಟದ ಡಬ್ಬಿಯೊಳಗಿತ್ತು.

ಈಗ ಮೊಮ್ಮಗಳ ಚೌಕಳಿ ಪುಸ್ತಕದಿಂದ
ಒಂದು ಹಾಳೆ ಹರಿದು, ಅಡುಗೆಕಟ್ಟೆಯ ಮೇಲಿಟ್ಟು
ಟಕ್, ಟಕ್, ಪಂಚು ಹೊಡೆಯುತ್ತೇನೆ.
ಎಲ್ಲಿ ತೂತು ಬೀಳುತ್ತದೋ ಅಲ್ಲಿ
ಕಡ್ಡಿಗೆ ದಾರ ಒಂದು ಸುತ್ತು.
ಕಾರ್ಡಿಗನ್ನಿನ ನಕ್ಷೆ ಇದು.
"ಅಜ್ಜಿ ಟಿಕೆಟ್ ಮಾಡ್ತಿದೆ" ಎಂದು
ಹುಡುಗಿ ಅಪ್ಪನಿಗೆ ಚಾಡಿ ಹೇಳುತ್ತಾಳೆ.

ಗಂಗಹನುಮಕ್ಕನಿಗೆ ಮೊದಲ ಪಾಳಿ.
ಐದಕ್ಕೆ ಹತ್ತು ನಿಮಿಷ ಇರುವಾಗಲೇ ಗಾಡಿ ಬಿಡಬೇಕು,
ಧನುರ್ಮಾಸ, ಕಿಟಕಿಯ ಗಾಜು ಸರಿಯುವುದಿಲ್ಲ,
ಕಂಬಿ ಹಿಡಿದರೆ ಅಂಗೈ ಜುಂ ಎನ್ನುತ್ತದೆ.
ಸ್ವೆಟರ್ ಹಾಕಿಕೊಡ್ತೀನಿ ಎಂದಾಗ ನಕ್ಕಳು;
ನಕ್ಷೆ ನೋಡಿ ನಗು ನಿಲ್ಲಿಸಿದಳು.
"ಇಷ್ಟು ತೂತಾ ಅಕ್ಕ? ಚಳಿ ಒಳಗೆ ಬರಲ್ವಾ?"
ಬರಲಿ ಬಿಡೆ. ನಮ್ಮೂರ ಚಳಿಗೆ ಆಯಸ್ಸೆಷ್ಟು?
ಯಲಹಂಕದಲ್ಲಿ ಹತ್ತಿದ್ದು
ಎರಡನೇ ಟ್ರಿಪ್ಪಿಗೆ ಮೆಜೆಸ್ಟಿಕ್‌ನಲ್ಲಿ ಇಳಿದುಹೋಗುತ್ತೆ.
ಒಂಬತ್ತಕ್ಕೆ ಬೆವರು. ಆಗ ಬೇಕಲ್ಲ, ತೂತು.

ಚಿಕ್ಕಪೇಟೆಯ ಅಂಗಡಿಯವನು ಮುಖ ನೋಡಿ
ಮಣ್ಣಿನ ಬಣ್ಣದ ಉಂಡೆಗಳನ್ನೇ ಮುಂದಿಟ್ಟ.
ಬೇಡಪ್ಪ, ಇಪ್ಪತ್ತೇಳು ವರ್ಷ ಖಾಕಿ ಉಟ್ಟಾಯಿತು.
ಬದನೆಕಾಯಿ ಬಣ್ಣದ್ದು ಕೊಡು, ಎಂಟು ಉಂಡೆ.

ಬೆನ್ನಿಗೆ ತೊಂಬತ್ತಾರು.
ಬೇರೆಯವರು ಕುಣಿಕೆ ಅನ್ನುತ್ತಾರೆ. ನನಗೆ ಅವು ಜನ,
ಕಂಬಿಗೆ ಜೋತುಬಿದ್ದು ಸಾಲಾಗಿ ನಿಂತ ಜನ.
ಜಾಲರಿಯ ಕಾನೂನು ಇಷ್ಟೇ:
ದಾರ ಸುತ್ತಿ ಒಬ್ಬರನ್ನು ಹೊಸದಾಗಿ ಹತ್ತಿಸಿಕೊಂಡರೆ
ಪಕ್ಕದಲ್ಲೇ ಇಬ್ಬರನ್ನು ಒತ್ತಿ ಒಬ್ಬರನ್ನಾಗಿ ಮಾಡಬೇಕು.
ತೂತು ಬಿತ್ತು; ಲೆಕ್ಕ ತೂತಾಗಲಿಲ್ಲ.
ಒಂದು ಸಾಲು ಸೀದಾ, ಒಂದು ಉಲ್ಟಾ,
ಹೋಗಿ ಬಂದು, ಹೋಗಿ ಬಂದು
ತೊಂಬತ್ತಾರು ತೊಂಬತ್ತಾರೇ.

ಸೊಂಟದ ಪಟ್ಟಿ ದಾಟಿದ ಮೇಲೆ ತೂತುಗಳು
ನನ್ನ ಹಳೇ ರೂಟು ಹಿಡಿದು ಮೇಲೇರುತ್ತವೆ.
ಕಾವೇರಿ ಥಿಯೇಟರ್ ಹತ್ತಿರ ಕೊಂಚ ಓರೆಯಾಗಿ,
ಮೇಖ್ರಿ ಸರ್ಕಲ್‌ನಲ್ಲಿ ದುಂಡಗೆ ಒಂದು ಎಲೆ ಬಿಚ್ಚಿ.
ಹೆಬ್ಬಾಳದಲ್ಲಿ ಸಿಕ್ಕಿಬಿದ್ದು ಎರಡು ಸಂಜೆ ಕಳೆದೆ,
ಊರಿನವರೆಲ್ಲರ ಹಾಗೆ.

ನಿನ್ನೆ, ಕಂಕುಳ ಇಳಿಸುವ ಮುಂಚೆ ಎಣಿಸಿದರೆ
ತೊಂಬತ್ತೇಳು.
ಕನ್ನಡಕ ಒರೆಸಿ ಎಣಿಸಿದೆ. ಆ ತುದಿಯಿಂದ ಎಣಿಸಿದೆ.
ತೊಂಬತ್ತೇಳು.
ಹಿಮ್ಮಡಿಯಲ್ಲಿ ಅದೇ ಹಳೇ ನಡುಕ,
ಸ್ಕ್ವಾಡಿನವರು ಎರಡೂ ಬಾಗಿಲಿಂದ ಒಟ್ಟಿಗೆ ಹತ್ತಿದಾಗ ಬರುತ್ತಿದ್ದದ್ದು.
ಬೆರಳಾಡಿಸುತ್ತ ಇಳಿದೆ. ಹದಿನಾಲ್ಕು ಸಾಲು ಕೆಳಗೆ ಸಿಕ್ಕಿತು,
ಜೋಡಿಯಿಲ್ಲದ ಒಂದು ತೂತು.
ಹತ್ತಿಸಿಕೊಂಡಿದ್ದೇನೆ, ಲೆಕ್ಕಕ್ಕೆ ಹಾಕಿಲ್ಲ.

ಅವಳ ಹೆಸರು ನನಗೆ ಗೊತ್ತಿಲ್ಲ.
ಬ್ಯಾಟರಾಯನಪುರದಲ್ಲಿ ಹತ್ತಿದವಳು, ಚಪ್ಪಲಿಯಿಲ್ಲದೆ,
ಎದೆಗೆ ಒಂದು ಪ್ರೆಶರ್ ಕುಕ್ಕರ್ ಅವುಚಿಕೊಂಡು.
ಎಲ್ಲಿಗಮ್ಮ ಎಂದೆ.
"ಇದು ಎಲ್ಲೀವರೆಗೆ ಹೋಗುತ್ತೋ ಅಲ್ಲೀವರೆಗೆ."
ಕಾಸು ಕೇಳಲಿಲ್ಲ. ಪಂಚು ಹೊಡೆಯಲಿಲ್ಲ.
ಗಂಗಾನಗರದಲ್ಲಿ ತನಿಖೆ, ಆಮೇಲೆ ಮೆಮೊ,
ಒಂದು ವರ್ಷದ ಇನ್‌ಕ್ರಿಮೆಂಟು ಹೋಯಿತು.
ಅವಳು ಮೆಜೆಸ್ಟಿಕ್‌ನಲ್ಲಿ ಇಳಿದು
ಕುಕ್ಕರನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಿಸಿ
ಎಂಟನೇ ಪ್ಲಾಟ್‌ಫಾರಂ ಕಡೆ ನಡೆದಳು.

ಬಿಚ್ಚಬಹುದು. ಹೆಣಿಗೆಗೆ ಹಿಂದಕ್ಕೂ ದಾರಿ ಇದೆ;
ಎಳೆ ಹಿಡಿದು ಜಗ್ಗಿದರೆ ಹದಿನಾಲ್ಕು ಸಾಲು
ಸರ್ರನೆ ಮಡಿಲಿಗೆ ಬೀಳುತ್ತದೆ.
ಕಡ್ಡಿ ಹೊರಗೆ ತೆಗೆದೂ ಬಿಟ್ಟಿದ್ದೆ.
ಮತ್ತೆ ಒಬ್ಬೊಬ್ಬರನ್ನೇ ಹತ್ತಿಸಿದೆ. ತೊಂಬತ್ತೇಳನೆಯವಳನ್ನೂ.
ಹೆಗಲವರೆಗೆ ಬರಲಿ, ಮೂಲೆ ಹಿಡಿದು, ಸುಮ್ಮನೆ.

ಸಂಜೆ ಗಂಗಹನುಮಕ್ಕ ಪಾಳಿ ಮುಗಿಸಿ ಬಂದಳು.
ಬೆನ್ನಿಗೆ ಹಿಡಿದು ನೋಡಿದೆ,
ಬದನೆ ಬಣ್ಣದೊಳಗಿಂದ ಖಾಕಿ ಇಣುಕಿತು, ಚುಕ್ಕಿ ಚುಕ್ಕಿಯಾಗಿ.
ಹೆಚ್ಚಿನ ತೂತು ಅವಳ ಕಣ್ಣಿಗೆ ಬೀಳಲಿಲ್ಲ.
ಅವಳ ಚಿಂತೆಯೆಲ್ಲ ಜೇಬಿನದು:
ಟಿಕೆಟ್ ಮೆಷಿನ್ನು ಹಿಡಿಯಬೇಕಂತೆ, ಜೊತೆಗೆ ಚಿಲ್ಲರೆ.
ಮೆಷಿನ್ನನ್ನು ಗೇಣು ಹಾಕಿ ಅಳೆದುಕೊಂಡೆ.
ಜೇಬಿಗೆ ಜಾಲರಿ ಬೇಡ, ಗಟ್ಟಿ ಹೆಣಿಗೆ.
ಎಂಟಾಣೆಯೂ ಸೋರಬಾರದು.